ಮೇಷ್ಟ್ರು, ವಿದ್ಯಾರ್ಥಿ ಒಂದೇ ಮೇಜಿನ ಸುತ್ತ: ಕೂಡಿ ವಿನ್ಯಾಸ ಮಾಡುವ ಕಾರ್ಯಾಗಾರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಕೆಲವು ವರ್ಷಗಳಿಂದ ನಾನು ಇಂಥ ಕಾರ್ಯಾಗಾರಗಳನ್ನು ನಡೆಸಿಕೊಡುತ್ತಿದ್ದೇನೆ. ಫೋನಿನಲ್ಲಿ, ಕ್ಯಾಂಟೀನಿನಲ್ಲಿ, ಕೆಲವೊಮ್ಮೆ ಬಸ್ಸು ಕಾಯುವಾಗಲೂ ಅದೇ ಪ್ರಶ್ನೆಗಳು ಬರುತ್ತವೆ. ಒಂದು ಕಡೆ ಬರೆದಿಟ್ಟರೆ ನನಗೂ ಬಾಯಿ ನೋವು ಕಮ್ಮಿ, ಕೇಳುವವರಿಗೂ ಸಂಕೋಚ ಕಮ್ಮಿ. ಪ್ರಶ್ನೆಗಳನ್ನು ಜನ ಕೇಳಿದ ಧಾಟಿಯಲ್ಲೇ ಬಿಟ್ಟಿದ್ದೇನೆ.

ಇದೂ ಒಂದು ಕಾರ್ಯಾಗಾರ ತಾನೇ? ಏನು ವಿಶೇಷ?

ಹೆಸರು ಅದೇ, ನಡೆಯುವ ರೀತಿ ಬೇರೆ. ನಮ್ಮ ಕಡೆ ಕಾರ್ಯಾಗಾರ ಅಂದರೆ ದೀಪ ಹಚ್ಚುವುದು, ಶಾಲು, ಹಾರ, ಒಬ್ಬ ಸಂಪನ್ಮೂಲ ವ್ಯಕ್ತಿ, ಸಾಲು ಸಾಲು ಕುರ್ಚಿ, ಮಧ್ಯಾಹ್ನ ಪಲಾವ್, ಸಂಜೆ ಸರ್ಟಿಫಿಕೇಟ್. ಇಲ್ಲಿ ವೇದಿಕೆಯೇ ಇಲ್ಲ. 20ರಿಂದ 25 ಜನ ಕೂರುತ್ತಾರೆ. ಅರ್ಧಕ್ಕಿಂತ ಜಾಸ್ತಿ ವಿದ್ಯಾರ್ಥಿಗಳು. ಉಳಿದವರು ಮೇಷ್ಟ್ರು, ಮೇಡಂ, ಆಫೀಸಿನವರು, ಗ್ರಂಥಾಲಯದವರು, ಅಟೆಂಡರ್.

ಮುಂದೆ ಒಂದೇ ಒಂದು ವಿಷಯ ಇರುತ್ತದೆ. ಗ್ರಂಥಾಲಯದ ಸಮಯ, ಮೊದಲ ಸೆಮಿಸ್ಟರ್‌ನವರನ್ನು ಬರಮಾಡಿಕೊಳ್ಳುವ ವಾರ, ಲ್ಯಾಬಿನ ಕೈಪಿಡಿ, ಅಸೈನ್‌ಮೆಂಟ್ ಕೊಡುವ ಕ್ರಮ, ಹೀಗೆ. ಅದು ಈಗ ಹೇಗಿದೆ, ಹೇಗಿರಬೇಕು ಎಂದು ಎಲ್ಲರೂ ಸೇರಿ ರೂಪಿಸುತ್ತಾರೆ. ಸಂಜೆ ಹೊತ್ತಿಗೆ ಕೈಯಲ್ಲಿ ಏನಾದರೂ ಇರಬೇಕು. ಒಂದು ವೇಳಾಪಟ್ಟಿ, ಒಂದು ನಕ್ಷೆ, ರಟ್ಟಿನ ಒಂದು ಮಾದರಿ, ಏನಾದರೂ ಸರಿ. ಬರೀ ಮಾತು ಉಳಿದರೆ ಅದನ್ನು ಹರಟೆ ಅನ್ನೋಣ, ಹರಟೆಯೂ ಒಳ್ಳೆಯದೇ.

ವಿನ್ಯಾಸ ಅಂದ್ರೆ ಚಿತ್ರ ಬರೆಯೋದಾ? ನಮಗೆ ಬರಲ್ಲ.

ಬರಬೇಕಾಗಿಲ್ಲ. ಗೆರೆ ಎಳೆಯಲು ಬಂದರೆ ಸಾಕು. ನಮ್ಮ ದಾವಣಗೆರೆಯಲ್ಲಿ 1964ರಿಂದಲೂ ದೃಶ್ಯಕಲಾ ಕಾಲೇಜು ಇದೆ. ಅಲ್ಲಿನ ಹುಡುಗರು ಒಬ್ಬಿಬ್ಬರು ಜೊತೆಗಿದ್ದರೆ ಸೊಗಸು. ಆದರೆ ಒಂದು ಎಚ್ಚರಿಕೆ: ಚೆಂದ ಬರೆಯುವವರು ಕೂತ ತಕ್ಷಣ ಉಳಿದವರು ಪೆನ್ನು ಕೆಳಗಿಡುತ್ತಾರೆ. ಅದಕ್ಕೆ ಕಲಾವಿದರನ್ನು ಮಧ್ಯಾಹ್ನದ ಮೇಲೆ ಕರೆಯಿರಿ.

ನಾವು ಪ್ರತಿ ವರ್ಷ ಫೀಡ್‌ಬ್ಯಾಕ್ ಫಾರಂ ತುಂಬಿಸ್ತೀವಲ್ಲ, ಅದು ಸಾಲದಾ?

ಸಾಲದು. ಫಾರಂನಲ್ಲಿ ಪ್ರಶ್ನೆ ಕಾಲೇಜಿನದು, ಟಿಕ್ ಮಾತ್ರ ವಿದ್ಯಾರ್ಥಿಯದು. ಯಾವುದು ಸಮಸ್ಯೆ ಎಂದು ನಾವು ಮೊದಲೇ ತೀರ್ಮಾನ ಮಾಡಿ, ಅದು ಎಷ್ಟು ದೊಡ್ಡದು ಎಂದು ಮಾತ್ರ ಅವರನ್ನು ಕೇಳುತ್ತೇವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗಾಗಿ ನಡೆಯುವ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯೂ ಇದೇ ಜಾತಿಯದು. ಅದು ಬೇಡ ಅನ್ನುತ್ತಿಲ್ಲ, ಅದರ ಕೆಲಸ ಬೇರೆ. ಕಾಲೇಜಿನ ಆಂತರಿಕ ಗುಣಮಟ್ಟ ಭರವಸಾ ಕೋಶದಲ್ಲಿ ವಿದ್ಯಾರ್ಥಿ ಪ್ರತಿನಿಧಿಗೆ ಒಂದು ಕುರ್ಚಿ ಇರಬೇಕು ಎಂದು ನ್ಯಾಕ್ ಹೇಳುತ್ತದೆ. ಆ ಕುರ್ಚಿಯಲ್ಲಿ ಕೂತವರು ಎಷ್ಟು ಸಲ ಬಾಯಿ ತೆರೆದಿದ್ದಾರೆ ಎಂದು ನಿಮ್ಮ ಕಾಲೇಜಿನಲ್ಲೇ ವಿಚಾರಿಸಿ ನೋಡಿ.

1969ರಲ್ಲಿ ಅಮೆರಿಕದ ಶೆರಿ ಆರ್ನ್‌ಸ್ಟೈನ್ ಎಂಬಾಕೆ ನಗರ ಯೋಜನೆಗಳಲ್ಲಿ ಜನರ ಪಾಲು ಎಷ್ಟಿದೆ ಎಂದು ಅಳೆಯಲು 8 ಮೆಟ್ಟಿಲಿನ ಏಣಿಯ ಚಿತ್ರ ಕೊಟ್ಟರು. ಕೆಳಗಿನ ಎರಡು ಮೆಟ್ಟಿಲಿನಲ್ಲಿ ಜನರನ್ನು ಪುಸಲಾಯಿಸುವುದಷ್ಟೇ. ನಡುವಿನ ಮೂರರಲ್ಲಿ ಮಾಹಿತಿ ಕೊಡುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಸಮಾಧಾನ ಮಾಡುತ್ತಾರೆ, ತೀರ್ಮಾನ ಮಾತ್ರ ಅಧಿಕಾರದಲ್ಲಿರುವವರದೇ. ಪಾಲುದಾರಿಕೆ ಬರುವುದು 6ನೇ ಮೆಟ್ಟಿಲಿಗೆ. ನಮ್ಮ ಫೀಡ್‌ಬ್ಯಾಕ್ ಫಾರಂ 4ನೆಯದು. ಇದನ್ನು ಹೇಳಿದಾಗ ಒಬ್ಬ ಪ್ರಾಧ್ಯಾಪಕರು, ‘ಪರವಾಗಿಲ್ಲ, ಅರ್ಧ ಏಣಿ ಹತ್ತಿದ್ದೀವಿ’ ಅಂದರು. ನಕ್ಕೆವು. ಆದರೆ ಆ ಅರ್ಧ ಏಣಿಯ ಮೇಲೆ ನಿಂತವರಿಗೆ ಅಟ್ಟ ಕೈಗೆ ಸಿಗುವುದಿಲ್ಲ.

ನನ್ನ ಮಟ್ಟಿಗೆ ಪರೀಕ್ಷೆ ಎರಡೇ. ಮೊದಲ ಪ್ರಶ್ನೆಯನ್ನು ಇಟ್ಟವರು ಯಾರು? ಕೊನೆಯ ಉತ್ತರ ಯಾರಿಗೆ ತಲುಪಿತು? ನಡುವೆ ಯಾರು ಎಷ್ಟು ಮಾತಾಡಿದರು ಅನ್ನುವುದು ಅಷ್ಟು ಮುಖ್ಯ ಅಲ್ಲ.

ಇದು ಎಲ್ಲಿಂದ ಬಂತು?

ಬೇರು ಕಾಲೇಜಿನಲ್ಲಿಲ್ಲ, ಕಾರ್ಖಾನೆಯಲ್ಲಿದೆ. 1970ರ ದಶಕದಲ್ಲಿ ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘ ಕ್ರಿಸ್ಟೆನ್ ನೈಗೋರ್ ಎಂಬ ಕಂಪ್ಯೂಟರ್ ವಿಜ್ಞಾನಿಯ ಜೊತೆ ಕೂತಿತು. ಕಾರ್ಖಾನೆಗೆ ಕಂಪ್ಯೂಟರ್ ಬರುತ್ತಿದೆ, ಅದು ಹೇಗಿರಬೇಕು ಎಂದು ಹೇಳುವ ಹಕ್ಕು ದಿನಾ ಅದರ ಮುಂದೆ ನಿಲ್ಲುವವರಿಗೆ ಇಲ್ಲವೇ ಎಂಬುದು ಪ್ರಶ್ನೆ. 1981ರಿಂದ 85ರವರೆಗೆ ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಪತ್ರಿಕಾ ಮುದ್ರಣದ ಕೆಲಸಗಾರರ ಜೊತೆ ಯುಟೋಪಿಯಾ ಎಂಬ ಯೋಜನೆ ನಡೆಯಿತು. ಅಲ್ಲಿ ಒಂದು ಖಾಲಿ ರಟ್ಟಿನ ಪೆಟ್ಟಿಗೆಯ ಮೇಲೆ ‘ಲೇಸರ್ ಪ್ರಿಂಟರ್’ ಎಂದು ಬರೆದು, ಅದು ಇದ್ದಿದ್ದರೆ ನಮ್ಮ ಕೆಲಸ ಹೇಗೆ ನಡೆಯುತ್ತಿತ್ತು ಎಂದು ಮಾಡಿ ನೋಡಿದರು. ನನಗೆ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾದದ್ದು ಆ ಪೆಟ್ಟಿಗೆ. ಗಿರಣಿಗಳ ಸೈರನ್ ಕೇಳಿ ಬೆಳೆದ ದಾವಣಗೆರೆಯವರಿಗೆ ಈ ಕಥೆ ಬೇಗ ಹತ್ತುತ್ತದೆ. ಹತ್ತಿ ಗಿರಣಿಯಲ್ಲಿ ದುಡಿದ ಅಜ್ಜ ಇರುವ ಹುಡುಗರು ಈಗಲೂ ನಮ್ಮ ಕಾರ್ಯಾಗಾರಗಳಿಗೆ ಬರುತ್ತಾರೆ.

ವಿಶ್ವವಿದ್ಯಾಲಯಗಳಿಗೆ ಇದು ಬಂದದ್ದು ತಡವಾಗಿ. ಅಮೆರಿಕದ ಬ್ರಿನ್ ಮಾರ್ ಕಾಲೇಜಿನಲ್ಲಿ 2000ರ ದಶಕದಿಂದ ವಿದ್ಯಾರ್ಥಿಗಳು ಅಧ್ಯಾಪಕರ ತರಗತಿಯಲ್ಲಿ ಕೂತು, ಗಮನಿಸಿ, ವಾರಕ್ಕೊಮ್ಮೆ ಅವರ ಜೊತೆ ಮಾತಾಡುತ್ತಾರೆ. ಆ ಕೋರ್ಸಿನ ವಿದ್ಯಾರ್ಥಿಗಳಲ್ಲ, ಬೇರೆಯವರು. ಆ ಕೆಲಸಕ್ಕೆ ಸಂಬಳವೂ ಉಂಟು. ಬ್ರಿಟನ್ನಿನಲ್ಲೂ 2014ರ ಹೊತ್ತಿಗೆ ಇದಕ್ಕೊಂದು ಚೌಕಟ್ಟು ಬಂತು.

ಪಾಲುದಾರರು ಅಂದ್ರೆ ಇಬ್ಬರೂ ಸಮಾನರಾ? ಹಾಗಾದ್ರೆ ಮೇಷ್ಟ್ರ ಮರ್ಯಾದೆ?

ಈ ಪ್ರಶ್ನೆಯನ್ನು ಮೇಷ್ಟ್ರಿಗಿಂತ ಜಾಸ್ತಿ ವಿದ್ಯಾರ್ಥಿಗಳೇ ಕೇಳುತ್ತಾರೆ, ಗೊತ್ತಾ? ಅವರಿಗೇ ಇರಿಸುಮುರಿಸು.

ಕುಕ್-ಸ್ಯಾದರ್, ಬೋವಿಲ್, ಫೆಲ್ಟನ್ ಎಂಬ ಮೂವರು ಶಿಕ್ಷಣ ಸಂಶೋಧಕರು ಪಾಲುದಾರಿಕೆಗೆ 2014ರಲ್ಲಿ ಹೇಳಿದ ವಿವರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎಲ್ಲರಿಗೂ ಸಮನಾಗಿ ಕೊಡುವ ಅವಕಾಶ ಇರಬೇಕು, ಆದರೆ ಎಲ್ಲರೂ ಒಂದೇ ಥರದ್ದನ್ನು ಕೊಡಬೇಕಾಗಿಲ್ಲ ಎಂಬುದು ಅದರ ತಿರುಳು. ಮೇಡಂಗೆ ಪಾಠ ಗೊತ್ತು, 15 ವರ್ಷದ ಉತ್ತರ ಪತ್ರಿಕೆಗಳು ಗೊತ್ತು. ಹುಡುಗಿಗೆ ಆ ಪಾಠ ತಲೆಗೆ ಹತ್ತದೇ ಹೋದ ಮಧ್ಯಾಹ್ನ ಗೊತ್ತು. ಎರಡೂ ತಿಳಿವಳಿಕೆಯೇ.

‘ಸರ್’ ಅನ್ನುವುದನ್ನು ಬಿಡಿಸಲು ಹೋಗಬೇಡಿ. ಒಂದು ಕಡೆ ಹೊರಗಿನಿಂದ ಬಂದವರೊಬ್ಬರು ‘ಇವತ್ತು ಎಲ್ಲರೂ ಹೆಸರು ಹಿಡಿದು ಕರೆಯಿರಿ’ ಎಂದು ನಿಯಮ ಮಾಡಿದರು. ಪರಿಣಾಮ ಏನೆಂದರೆ ಇಡೀ ದಿನ ಯಾರೂ ಯಾರನ್ನೂ ಕರೆಯಲೇ ಇಲ್ಲ. ಸರ್ ಅನ್ನಲಿ, ಮೇಡಂ ಅನ್ನಲಿ, ಅಟೆಂಡರ್‌ಗೆ ಅಣ್ಣ ಅನ್ನಲಿ. ‘ಸರ್, ನೀವು ಹೇಳಿದ್ದು ನಮಗೆ ಸರಿಹೋಗಂಗಿಲ್ಲ’ ಎಂದು ಹೇಳುವ ಧೈರ್ಯ ಬಂದರೆ ಸಾಕು. ಮರ್ಯಾದೆಯ ಮಾತಿನಲ್ಲೇ ಭಿನ್ನಾಭಿಪ್ರಾಯ ಹೇಳುವುದು ನಮ್ಮ ಮನೆಗಳಲ್ಲಿ ದಿನಾ ನಡೆಯುತ್ತದೆ, ಅಜ್ಜಿಯ ಮುಂದೆ ಮೊಮ್ಮಕ್ಕಳು ಮಾಡುವುದು ಅದನ್ನೇ ಅಲ್ವಾ?

ವಿದ್ಯಾರ್ಥಿಗಳು ಬಾಯೇ ಬಿಡಲ್ಲ. ಏನ್ ಮಾಡೋದು?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ‘ನಮ್ಮ ಹುಡುಗರಿಗೆ ಸಂಕೋಚ ಸರ್, ಹಳ್ಳಿಯಿಂದ ಬಂದವರು’ ಎಂದು ಅಧ್ಯಾಪಕರು ಹೇಳುತ್ತಾರೆ. ಅದೇ ಹುಡುಗರು ಕ್ಯಾಂಟೀನಿನಲ್ಲಿ ಕೂತಾಗ ಸಂಕೋಚದ ಸುಳಿವೂ ಇರುವುದಿಲ್ಲ. ಇದು ಸಂಕೋಚ ಅಲ್ಲ, ಲೆಕ್ಕಾಚಾರ. ಎದುರಿಗೆ ಕೂತವರ ಕೈಯಲ್ಲಿ ಇಂಟರ್ನಲ್ ಮಾರ್ಕ್ಸ್ ಇದೆ. ಪ್ರಾಜೆಕ್ಟ್‌ಗೆ ಸಹಿ ಹಾಕುವವರೂ ಅವರೇ. ಒಂದು ಸಂಜೆಯ ಸತ್ಯಕ್ಕೆ ಒಂದು ಸೆಮಿಸ್ಟರ್ ಬೆಲೆ ತೆರಬೇಕಾಗಬಹುದು ಎಂದು ಅವರಿಗೆ ಚೆನ್ನಾಗಿ ಗೊತ್ತು. ಈ ಹೆದರಿಕೆಯನ್ನು ‘ನಿರ್ಭಯವಾಗಿ ಮಾತಾಡಿ’ ಎಂಬ ಒಂದು ವಾಕ್ಯದಿಂದ ಕಳೆಯಲು ಆಗುವುದಿಲ್ಲ. ಏರ್ಪಾಡು ಬದಲಿಸಬೇಕು.

ನಾನು ಮಾಡುವುದು ಇಷ್ಟು. ಕಾರ್ಯಾಗಾರವನ್ನು ಇಂಟರ್ನಲ್ ಮಾರ್ಕ್ಸ್ ನೋಟಿಸ್ ಬೋರ್ಡಿಗೆ ಬಂದ ಮೇಲೆಯೇ ಇಡುತ್ತೇನೆ, ಮುಂಚೆ ಅಲ್ಲ. ಒಂದೇ ಮೇಜಿನಲ್ಲಿ ಒಬ್ಬ ವಿದ್ಯಾರ್ಥಿಯೂ ಅವರಿಗೆ ಅಂಕ ಹಾಕುವ ಅಧ್ಯಾಪಕರೂ ಬರದ ಹಾಗೆ ನೋಡಿಕೊಳ್ಳುತ್ತೇನೆ. ಕಾಮರ್ಸ್ ಮೇಡಂ ಜೊತೆ ಬಿಎಸ್ಸಿ ಹುಡುಗರು ಕೂತರೆ ಮಾತು ತಾನಾಗಿ ಬರುತ್ತದೆ. ಎರಡು ದಿನ ಮುಂಚೆ ವಿದ್ಯಾರ್ಥಿಗಳಷ್ಟೇ ಇರುವ ಒಂದು ತಾಸಿನ ಸಭೆ ಮಾಡುತ್ತೇನೆ. ಅಲ್ಲಿ ಬಾಗಿಲು ಹಾಕಿಕೊಂಡು ಏನು ಬೇಕಾದರೂ ಹೇಳಬಹುದು. ಯಾವುದನ್ನು ದೊಡ್ಡ ಸಭೆಗೆ ಒಯ್ಯಬೇಕು, ಯಾರು ಹೇಳಬೇಕು ಎಂಬುದನ್ನು ಅವರೇ ಗೊತ್ತು ಮಾಡಿಕೊಳ್ಳುತ್ತಾರೆ. ಹತ್ತು ಜನರ ದೂರು ಒಬ್ಬರ ಬಾಯಲ್ಲಿ ಬಂದರೆ ಆ ಒಬ್ಬರ ಮೇಲೆ ಕಣ್ಣು ಬೀಳುತ್ತದೆ. ಅದಕ್ಕೆ ನಾಲ್ಕು ಜನ ಹಂಚಿಕೊಂಡು ಹೇಳುತ್ತಾರೆ. ಇದು ನಾನು ಕಲಿಸಿದ್ದಲ್ಲ, ಚಿತ್ರದುರ್ಗದ ಎಂಎ ವಿದ್ಯಾರ್ಥಿನಿಯರು ನನಗೆ ಕಲಿಸಿದ್ದು.

ದೊಡ್ಡ ಸಭೆಯಲ್ಲೂ ಮೊದಲು ಮಾತು ಬೇಡ, ಬರವಣಿಗೆ. ಎಲ್ಲರಿಗೂ ಒಂದೇ ಬಣ್ಣದ ಚೀಟಿ, ಒಂದೇ ಥರದ ಪೆನ್ನು. ಐದು ನಿಮಿಷ ಸುಮ್ನೆ ಬರೆಯಬೇಕು. ಚೀಟಿ ಕಲಸಿ ಗೋಡೆಗೆ ಅಂಟಿಸಿದ ಮೇಲೆ ಯಾವುದು ಹಿರಿಯ ಪ್ರಾಧ್ಯಾಪಕರದು, ಯಾವುದು ಮೊದಲ ವರ್ಷದವಳದು ಗೊತ್ತಾಗುವುದಿಲ್ಲ. ನಿಜ ಹೇಳಬೇಕೆಂದರೆ ಅಕ್ಷರ ನೋಡಿ ಕೆಲವರು ಕಂಡುಹಿಡಿಯುತ್ತಾರೆ. ಅದಕ್ಕೆ ಒಬ್ಬರು ಎಲ್ಲವನ್ನೂ ಮರುಬರೆಯುವುದು ಇನ್ನೂ ಒಳ್ಳೆಯದು.

ಕಣ್ಣು ಕಾಣದ ವಿದ್ಯಾರ್ಥಿ ಇದ್ದರೆ ಈ ಚೀಟಿ, ಗೋಡೆ ಏನು ಪ್ರಯೋಜನ?

ಇದನ್ನು ನನಗೆ ಕೇಳಿದ್ದು ಅಂಥ ಒಬ್ಬ ವಿದ್ಯಾರ್ಥಿನಿಯೇ, ಕಾರ್ಯಾಗಾರದ ಮಧ್ಯದಲ್ಲಿ. ನನ್ನ ಬಳಿ ಉತ್ತರ ಇರಲಿಲ್ಲ. ‘ಒಬ್ಬರು ಜೋರಾಗಿ ಓದ್ಲಿ ಸರ್, ಅಷ್ಟೇ’ ಎಂದು ಆಕೆಯೇ ದಾರಿ ಹೇಳಿದಳು. ಈಗ ಎಲ್ಲ ಕಡೆ ಪ್ರತಿ ಚೀಟಿಯನ್ನೂ ಜೋರಾಗಿ ಓದುತ್ತೇವೆ. ಗೋಡೆಯ ಹತ್ತಿರ ಹೋಗದೆ ಹಿಂದೆ ನಿಲ್ಲುವವರಿಗೂ ಇದರಿಂದ ಲಾಭವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಎಷ್ಟೋ ಹೊರಗೆ ಕಾಣುವುದಿಲ್ಲ. ಹಾಗಾಗಿ ಕರೆಯುವಾಗಲೇ ‘ನಿಮಗೆ ಏನಾದರೂ ಅನುಕೂಲ ಬೇಕಾ’ ಎಂದು ಎಲ್ಲರನ್ನೂ ಕೇಳಿಬಿಡಿ. ಕೊಠಡಿ ನೆಲಮಹಡಿಯಲ್ಲೇ ಇರಲಿ.

ಯಾರನ್ನು ಆರಿಸಬೇಕು? ಕ್ಲಾಸ್ ಲೀಡರ್‌ಗಳನ್ನ ಕಳಿಸ್ತೀವಿ, ಸಾಕಾ?

ಕ್ಲಾಸ್ ಲೀಡರ್, ಎನ್ನೆಸ್ಸೆಸ್ ಸ್ವಯಂಸೇವಕ, ರ‍್ಯಾಂಕ್ ಬರುವವಳು. ಯಾವ ಕಾಲೇಜಿಗೆ ಹೋದರೂ ಈ ಮೂವರೇ ಸಿಗುತ್ತಾರೆ. ಒಳ್ಳೆಯ ಮಕ್ಕಳು, ಬೇಡ ಅನ್ನಲ್ಲ. ಆದರೆ ಅವರಿಗೆ ಕಾಲೇಜು ಈಗಾಗಲೇ ಹೊಂದಿಕೊಂಡಿದೆ. ಹೊಂದದವರು ಬೇಕು. ಬ್ಯಾಕ್‌ಲಾಗ್ ಇರುವವರು, ಮಧ್ಯಾಹ್ನವೇ ಮನೆಗೆ ಹೋಗುವವರು, ಬೆಳಿಗ್ಗೆ ಪೇಪರ್ ಹಾಕಿ ಬರುವವರು, ಮದುವೆಯಾದ ಮೇಲೆ ಓದಲು ಬಂದವರು. ‘ಗ್ರಂಥಾಲಯ ಸುಧಾರಣೆಗೆ ಸಲಹೆ’ ಕೇಳುವುದಾದರೆ ಅಲ್ಲಿ ಕಾಲಿಡದವರನ್ನೇ ಮೊದಲು ಕರೆಯಬೇಕು.

ಅಟೆಂಡರ್, ವಾಚ್‌ಮನ್, ಆಫೀಸಿನವರು ಯಾಕೆ? ಇದು ಶೈಕ್ಷಣಿಕ ವಿಷಯ ಅಲ್ವಾ?

ಒಂದು ಪ್ರಸಂಗ ಹೇಳುತ್ತೇನೆ. ದಾವಣಗೆರೆಯ ಒಂದು ಕಾಲೇಜು. ಗ್ರಂಥಾಲಯವನ್ನು ಸಂಜೆ ಇನ್ನೂ ಎರಡು ತಾಸು ತೆರೆದಿಡಬೇಕು, ಅದಕ್ಕೆ ಒಂದು ಹೊಸ ಹುದ್ದೆ ಬೇಕು, ಹುದ್ದೆಗೆ ಮಂಜೂರಾತಿ ಇಲ್ಲ ಎಂದು ಮೂರು ವರ್ಷದಿಂದ ಕಡತ ನಿಂತಿತ್ತು. ಕಾರ್ಯಾಗಾರದಲ್ಲಿ ಎಲ್ಲರಿಗೂ ಒಂದು ಉದ್ದ ಕಾಗದ ಕೊಟ್ಟು, ಎದ್ದಾಗಿನಿಂದ ಮಲಗುವವರೆಗಿನ ದಿನವನ್ನು ಒಂದು ಗೆರೆಯಾಗಿ ಎಳೆಯಿರಿ ಅಂದೆವು. ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯಿಂದ ಬರುವವರ ಗೆರೆಗಳನ್ನು ಒಟ್ಟಿಗಿಟ್ಟರೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಸಂಜೆ ಅವರು ಇರುವುದೇ ಇಲ್ಲ, ಬಸ್ಸು ಹೋಗಿಬಿಡುತ್ತದೆ. ಬೆಳಿಗ್ಗೆ ಮಾತ್ರ ಮೊದಲ ಬಸ್ಸಿಗೇ ಬಂದು, ತರಗತಿ ಶುರುವಾಗುವವರೆಗೆ ಮೆಟ್ಟಿಲ ಮೇಲೆ ಕೂರುತ್ತಾರೆ. ಒಂದೂವರೆ ತಾಸು. ಮೆಟ್ಟಿಲು ಯಾವುದು ಅಂದಿರಾ? ಗ್ರಂಥಾಲಯದ್ದೇ.

ಹಾಗಾದರೆ ಬೆಳಿಗ್ಗೆ ತೆರೆಯೋಣ ಅಂದರು. ಮತ್ತೆ ಹುದ್ದೆಯ ಮಾತು ಬಂತು. ಅಷ್ಟು ಹೊತ್ತು ಸುಮ್ಮನಿದ್ದ ಗ್ರಂಥಾಲಯದ ಅಟೆಂಡರ್ ಆಗ ಬಾಯಿ ತೆರೆದರು. ‘ನಾನೂ ಅದೇ ಬಸ್ಸಿಗೇ ಬರೋದು ಸಾರ್. ಅವರ ಜೊತೆ ನಾನೂ ಮೆಟ್ಟಿಲ ಮೇಲೇ ಕೂರ್ತೀನಿ. ಕೀ ಆಫೀಸಿನಾಗಿರ್ತೈತಿ, ಆಫೀಸು ತೆಗೆಯೋದು ಹತ್ತಕ್ಕೆ.’

ಮುಗಿಯಿತು. ಕೀಲಿಯನ್ನು ವಾಚ್‌ಮನ್ ಹತ್ತಿರ ಇಟ್ಟು ಒಂದು ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಳ್ಳುವುದು ಎಂದು ತೀರ್ಮಾನವಾಯಿತು. ಬೇಗ ಬಾಗಿಲು ತೆಗೆದ ದಿನ ಅವರು ಸಂಜೆ ಬೇಗ ಹೋಗಬಹುದು ಎಂದೂ ಬರೆದುಕೊಂಡೆವು. ಅದನ್ನು ಬರೆಯದೇ ಹೋಗಿದ್ದರೆ ಇಡೀ ಏರ್ಪಾಡು ಒಬ್ಬ ಮನುಷ್ಯನ ಬಿಟ್ಟಿ ದುಡಿಮೆಯ ಮೇಲೆ ನಿಲ್ಲುತ್ತಿತ್ತು. ಖರ್ಚು ಒಂದು ರಿಜಿಸ್ಟರ್‌ನದು. ಆದರೆ ಗಮನಿಸಿ, ವಿದ್ಯಾರ್ಥಿಗಳು ಮಾತ್ರ ಇದ್ದಿದ್ದರೆ ಈ ಉತ್ತರ ಸಿಗುತ್ತಿರಲಿಲ್ಲ. ಮೇಷ್ಟ್ರು ಮಾತ್ರ ಇದ್ದಿದ್ದರೂ ಸಿಗುತ್ತಿರಲಿಲ್ಲ.

ಚಿತ್ರದುರ್ಗದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಏಳು ಸುತ್ತಿನ ಕೋಟೆಯ ಕಿಂಡಿಯಲ್ಲಿ ಶತ್ರು ನುಸುಳುವುದು ಕಂಡದ್ದು ಬುರುಜಿನ ಮೇಲಿದ್ದವರಿಗಲ್ಲ, ನೀರು ತರಲು ಹೋದ ಓಬವ್ವನಿಗೆ ಎಂದು ಅಲ್ಲಿ ಮಕ್ಕಳೂ ಹೇಳುತ್ತಾರೆ.

ಯಾವ ದಿನ, ಎಷ್ಟು ಹೊತ್ತು?

ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಮೂರೂವರೆ. ಅದಕ್ಕಿಂತ ಮುಂದೆ ಎಳೆದರೆ ಹೆಣ್ಣುಮಕ್ಕಳು ಗಡಿಯಾರ ನೋಡಲು ಶುರು ಮಾಡುತ್ತಾರೆ, ನಾಲ್ಕಾದ ಮೇಲೆ ಉಳಿಯುವವರು ಊರಿನ ಹುಡುಗರು ಮತ್ತು ಹಾಸ್ಟೆಲ್ಲಿನವರು ಮಾತ್ರ. ತೀರ್ಮಾನ ಆಗುವುದು ಕೊನೆಯ ತಾಸಿನಲ್ಲಿ. ಅಷ್ಟು ಹೊತ್ತಿಗೆ ಅರ್ಧ ಜನ ಬಸ್ಸಿನಲ್ಲಿದ್ದರೆ ಅದು ಯಾರ ತೀರ್ಮಾನ? ಶನಿವಾರ ಬೇಡ. ದುರ್ಗದ ಬೇಸಿಗೆಯಲ್ಲಂತೂ ತಗಡಿನ ಛಾವಣಿಯ ಸಭಾಂಗಣ ಬೇಡವೇ ಬೇಡ.

ದಿನ ಹೇಗೆ ಸಾಗುತ್ತೆ?

ಆಸ್ಟ್ರಿಯಾದ ರಾಬರ್ಟ್ ಯುಂಕ್ ಎಂಬ ಬರಹಗಾರ ‘ಭವಿಷ್ಯದ ಕಾರ್ಯಾಗಾರ’ ಎಂಬ ಕ್ರಮವನ್ನು ರೂಪಿಸಿದ್ದರು. ಅದರಲ್ಲಿ ಮೂರು ಹಂತ: ಮೊದಲು ಟೀಕೆ, ಆಮೇಲೆ ಕನಸು, ಕೊನೆಗೆ ಕಾರ್ಯರೂಪ. ನಾನು ಹೆಚ್ಚುಕಡಿಮೆ ಅದನ್ನೇ ಅನುಸರಿಸುತ್ತೇನೆ. ಬೆಳಿಗ್ಗೆ ಹೊಟ್ಟೆಯಲ್ಲಿರುವುದೆಲ್ಲ ಹೊರಗೆ ಬರಲಿ. ಊಟಕ್ಕೆ ಮುಂಚೆ ದುಡ್ಡು, ನಿಯಮ ಏನೂ ಅಡ್ಡಿ ಇಲ್ಲ ಅಂದುಕೊಂಡು ಕನಸು ಕಾಣಲಿ. ಊಟದ ಮೇಲೆ ನೆಲಕ್ಕಿಳಿಯೋಣ.

ನಾನು ಸೇರಿಸಿಕೊಂಡಿರುವುದು ಒಂದು ನಡಿಗೆ. ಶುರುವಿನಲ್ಲೇ ಅರ್ಧ ಗಂಟೆ, ಒಬ್ಬ ವಿದ್ಯಾರ್ಥಿ ಒಬ್ಬ ಸಿಬ್ಬಂದಿಯನ್ನು ಕರೆದುಕೊಂಡು ಕ್ಯಾಂಪಸ್ ಸುತ್ತಬೇಕು. ದಾರಿ ವಿದ್ಯಾರ್ಥಿಯದು, ಸಿಬ್ಬಂದಿ ಬರೀ ಕೇಳಬೇಕು. 20 ವರ್ಷದಿಂದ ಅದೇ ಕಾಲೇಜಿನಲ್ಲಿರುವ ಮೇಷ್ಟ್ರೊಬ್ಬರು ಹೆಣ್ಣುಮಕ್ಕಳ ಶೌಚಾಲಯ ಇರುವುದು ಸೈಕಲ್ ಸ್ಟ್ಯಾಂಡ್ ಹಿಂದೆ ಎಂದು ಮೊದಲ ಸಲ ನೋಡಿ ಬಂದರು. ಅಷ್ಟು ದೂರವೇ ಅಂದರು. ಆ ಮಧ್ಯಾಹ್ನ ಅವರು ಯಾರ ಮಾತನ್ನೂ ತುಂಡರಿಸಲಿಲ್ಲ.

ಸಾಮಾನು ಏನು ಬೇಕು? ಖರ್ಚು ಎಷ್ಟಾಗುತ್ತೆ?

ದೊಡ್ಡ ಖರ್ಚೇನೂ ಇಲ್ಲ. ಬಟ್ಟೆ ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆಗಳು ಸುಮ್ನೆ ಸಿಗುತ್ತವೆ, ದಾವಣಗೆರೆಯಲ್ಲಿ ಬಟ್ಟೆ ಅಂಗಡಿಗೆ ಬರವೇ? ಚಾರ್ಟ್, ಸ್ಕೆಚ್ ಪೆನ್ನು, ಗಮ್ ಟೇಪು, ಹಳೇ ಪತ್ರಿಕೆ. ಮತ ಹಾಕಲು ಬಣ್ಣದ ಚುಕ್ಕೆ ಬೇಕಾಗುತ್ತದೆ. ಅದಕ್ಕೆ ನಾನು ತರುವುದು ಹಣೆಗಿಡುವ ಸ್ಟಿಕ್ಕರ್ ಬೊಟ್ಟಿನ ಪಾಕೀಟು. ಒಬ್ಬೊಬ್ಬರಿಗೆ ಮೂರು ಬೊಟ್ಟು, ಇಷ್ಟವಾದ ಸಲಹೆಗೆ ಅಂಟಿಸಬೇಕು. ಪ್ರಾಂಶುಪಾಲರಿಗೂ ಮೂರೇ.

ನಾಲ್ಕು ಗಂಟೆಯ ತಿಂಡಿಯನ್ನು ಮೂರಕ್ಕೇ ಕೊಡಿ. ಖಾರ ಮಂಡಕ್ಕಿ, ಮಿರ್ಚಿ ಆದರೆ ಎಲ್ಲರಿಗೂ ಖುಷಿ. ಆದರೆ ಮಾದರಿಗಳನ್ನು ಮೊದಲು ಎತ್ತಿಡಿ. ಒಂದು ಸಲ ನಮ್ಮ ಹಾಸ್ಟೆಲ್ ನಕ್ಷೆಯಲ್ಲಿ ಅಡುಗೆಮನೆ ಎಲ್ಲಿತ್ತೋ ಅಲ್ಲೇ ಮಿರ್ಚಿಯ ಎಣ್ಣೆ ಹರಡಿ, ಕಟ್ಟಡ ಎಂಜಿನಿಯರ್‌ಗೆ ಗೋಡೆ ಯಾವುದು ಎಣ್ಣೆ ಯಾವುದು ತಿಳಿಯಲಿಲ್ಲ.

ವಿದ್ಯಾರ್ಥಿಗಳಿಗೆ ಹಣ ಕೊಡಬೇಕಾ?

ಕೊಡಲಾಗುವುದಾದರೆ ಕೊಡಿ. ಹೊರಗಿನ ತಜ್ಞರಿಗೆ ಗೌರವಧನ, ವಿದ್ಯಾರ್ಥಿಗೆ ಬರೀ ಚಪ್ಪಾಳೆ, ಇದು ಪಾಲುದಾರಿಕೆ ಅನ್ನಿಸುವುದಿಲ್ಲ. ಕಾಲೇಜಿನ ಲೆಕ್ಕದಲ್ಲಿ ಅದಕ್ಕೆ ಶೀರ್ಷಿಕೆ ಇರುವುದಿಲ್ಲ, ಗೊತ್ತು. ಕನಿಷ್ಠ ಮೂರು ಕೊಡಿ: ಊಟ, ಆ ದಿನದ ಹಾಜರಾತಿ, ಬಸ್ ಚಾರ್ಜು. ಹಾಜರಾತಿ ಕಮ್ಮಿ ಬಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಭಯ ಇರುವವರು ನಿಮ್ಮ ಕರೆಗೆ ಓಗೊಟ್ಟಿದ್ದಾರೆ, ಅದನ್ನು ಮರೆಯಬೇಡಿ. ಇನ್ನು ಬಸ್ ಚಾರ್ಜು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಹುಡುಗಿಯರಿಗೆ ಯಾಕೆ ಎಂದು ಕೇಳುತ್ತಾರೆ. ಅದು ಸರ್ಕಾರಿ ಬಸ್ಸಿಗೆ. ನಮ್ಮ ಎರಡು ಜಿಲ್ಲೆಗಳಲ್ಲಿ ಖಾಸಗಿ ಬಸ್ಸು ಮಾತ್ರ ಓಡುವ ಹಾದಿಗಳು ಎಷ್ಟಿಲ್ಲ?

ಯಾವ ಭಾಷೆಯಲ್ಲಿ ನಡೆಸಬೇಕು?

ಕನ್ನಡ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಹೊರ ರಾಜ್ಯದವರಿದ್ದರೆ ಪಕ್ಕದಲ್ಲಿ ಕೂತವರು ಹೇಳಿಕೊಡಲಿ. ಮೊಳಕಾಲ್ಮೂರು ಕಡೆಯವರು ಮಧ್ಯೆ ತೆಲುಗಿಗೆ ಹೊರಳುತ್ತಾರೆ, ಹೊರಳಲಿ.

ಚೀಟಿಯಲ್ಲಿ ಬರೆದದ್ದನ್ನು ವರದಿಯಲ್ಲಿ ತಿದ್ದಬೇಡಿ. ಒಬ್ಬಳು ‘ಐದರ ಮ್ಯಾಲೆ ಬಸ್ ಸಿಗಂಗಿಲ್ಲ’ ಎಂದು ಬರೆದಿದ್ದಳು. ವರದಿ ಟೈಪಾಗಿ ಬಂದಾಗ ಅದು ‘ಸಾರಿಗೆ ಸೌಲಭ್ಯದ ಕೊರತೆ’ ಆಗಿತ್ತು. ಮೊದಲನೆಯದರಲ್ಲಿ ಗಂಟೆ ಇತ್ತು, ಕಾಯುವ ಹುಡುಗಿ ಇದ್ದಳು. ಎರಡನೆಯದನ್ನು ಓದಿ ಯಾರೂ ಡಿಪೋಗೆ ಫೋನ್ ಮಾಡುವುದಿಲ್ಲ.

ಬರೀ ದೂರುಗಳೇ ಬಂದ್ರೆ?

ಬರಲಿ, ಬೆಳಗಿನ ಹಂತ ಇರುವುದೇ ಅದಕ್ಕೆ. ಹೆಸರು ಹಿಡಿದು ಒಬ್ಬರ ಮೇಲೆ ಬಂದರೆ ಮಾತ್ರ ಬದಿಗಿಡಿ. ಕಿರುಕುಳದಂಥ ವಿಷಯ ಬಂದರೆ ಅದನ್ನು ಗೋಡೆಗೆ ಅಂಟಿಸುವ ಹಾಗಿಲ್ಲ. ಅದಕ್ಕೆ ಕಾಲೇಜಿನ ಆಂತರಿಕ ದೂರು ಸಮಿತಿ ಇದೆ. ಆ ವಿದ್ಯಾರ್ಥಿನಿಯ ಜೊತೆ ಪ್ರತ್ಯೇಕವಾಗಿ ಮಾತಾಡಿ, ದಾರಿ ತೋರಿಸಿ.

ಸಿಲಬಸ್ ಬದಲಿಸಬಹುದಾ?

ಇಲ್ಲ. ಇದನ್ನು ಬೆಳಿಗ್ಗೆಯೇ ಹೇಳಿಬಿಡಬೇಕು, ಇಲ್ಲದಿದ್ದರೆ ಸುಮ್ನೆ ಆಸೆ ಹುಟ್ಟಿಸಿದ ಹಾಗಾಗುತ್ತದೆ. 2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಬರುತ್ತವೆ. ಅದಕ್ಕೆ ಸೇರಿದ ಕಾಲೇಜುಗಳ ಪಠ್ಯ ಹೋಗುವುದು ಅಧ್ಯಯನ ಮಂಡಳಿಯ ಮೂಲಕ, ಅಲ್ಲಿಂದ ಶೈಕ್ಷಣಿಕ ಪರಿಷತ್ತಿಗೆ. ಒಂದು ಕಾಲೇಜಿನ 25 ಜನ ಅದನ್ನು ಮುಟ್ಟಲಾಗದು. ಮಂಡಳಿಯಲ್ಲಿರುವ ಸದಸ್ಯರಿಗೆ ಟಿಪ್ಪಣಿ ಕಳಿಸಬಹುದು, ಅಷ್ಟೇ.

ಆದರೆ ವಿಭಾಗದ ಕೈಯಲ್ಲೇ ಇರುವುದು ಕಮ್ಮಿಯೇನಲ್ಲ. ಯಾವ ಘಟಕ ಮೊದಲು, ಯಾವುದು ಆಮೇಲೆ. ಅಸೈನ್‌ಮೆಂಟ್ ಏನು, ಯಾವ ವಾರ. ಲ್ಯಾಬ್ ಕೈಪಿಡಿಯ ಭಾಷೆ. ಒಂದು ವಿಭಾಗದಲ್ಲಿ ಐದೂ ಪೇಪರಿನ ಅಸೈನ್‌ಮೆಂಟ್ ಒಂದೇ ಸೋಮವಾರ ಕೊಡಬೇಕಿತ್ತು. ಐದು ಅಧ್ಯಾಪಕರಿಗೂ ಇದು ಗೊತ್ತಿರಲಿಲ್ಲ, ಏಕೆಂದರೆ ಒಬ್ಬೊಬ್ಬರಿಗೆ ಅದು ಒಂದೇ ಅಸೈನ್‌ಮೆಂಟ್. ಐದನ್ನೂ ಒಟ್ಟಿಗೆ ನೋಡುವವನು ವಿದ್ಯಾರ್ಥಿ ಮಾತ್ರ. ಗೋಡೆಯ ಮೇಲೆ ಕ್ಯಾಲೆಂಡರ್ ಬರೆದು ಹರಡಿದ್ದೇ ತಡ, ಹತ್ತು ನಿಮಿಷದಲ್ಲಿ ಬಗೆಹರಿಯಿತು.

ಇನ್ನೊಂದು ವಿಷಯ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಮರಳಿತು. ಸೀನಿಯರ್ ಹೇಳುವ ಬುದ್ಧಿಮಾತು ಜೂನಿಯರ್‌ಗೆ ಹೊಂದದ ಕಾಲ ಇದು. ಎಲ್ಲ ವರ್ಷದವರನ್ನೂ ಕೂರಿಸಿ, ಯಾರು ಯಾವ ಪದ್ಧತಿಯವರು ಎಂದು ಮೊದಲೇ ಕೇಳಿಕೊಳ್ಳಿ.

ಪ್ರಾಂಶುಪಾಲರು ಬರಬೇಕಾ?

ಬೆಳಿಗ್ಗೆ ಬೇಡ. ಕೊನೆಯ ತಾಸಿಗೆ ಬರಲೇಬೇಕು.

ಫೋಟೋ ತೆಗೆಯಬಹುದಾ?

ಮಾದರಿಯದು ತೆಗೆಯಿರಿ. ಮುಖದ್ದು ಕೇಳಿ ತೆಗೆಯಿರಿ. ದೂರು ಬರೆದ ಗೋಡೆಯ ಮುಂದೆ ವಿದ್ಯಾರ್ಥಿಯನ್ನು ನಿಲ್ಲಿಸಿ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಕಾರ್ಯಾಗಾರ ಆದ ಮೇಲೆ ಏನಾಗಬೇಕು?

ಇಲ್ಲೇ ಮುಕ್ಕಾಲುಪಾಲು ಕೆಡುವುದು. ನಾನೇ ಕೆಡಿಸಿದ್ದೇನೆ.

ನನ್ನ ಮೊದಲ ಕಾರ್ಯಾಗಾರ ಭರ್ಜರಿಯಾಗಿ ನಡೆಯಿತು. ನಾಲ್ಕು ಗೋಡೆ ತುಂಬ ಚೀಟಿ, ಎಲ್ಲರ ಮುಖದಲ್ಲೂ ಖುಷಿ. ಚಾರ್ಟ್‌ಗಳನ್ನು ಸುತ್ತಿ ವಿಭಾಗದ ಅಲ್ಮೆರಾದಲ್ಲಿಟ್ಟು ಮನೆಗೆ ಬಂದೆ. ವರದಿ ಬರೆದು ಮೇಲಕ್ಕೆ ಕಳಿಸಿದೆ. ಮೇಲಿನಿಂದ ಏನೂ ಬರಲಿಲ್ಲ, ನಾನೂ ಕೇಳಲಿಲ್ಲ. ಆರು ತಿಂಗಳಾದ ಮೇಲೆ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗ ಸಿಕ್ಕ. ‘ಸರ್, ಆ ಚೀಟಿಗಳು ಏನಾದ್ವು?’ ಅಂದ. ಕೋಪ ಇರಲಿಲ್ಲ, ಸುಮ್ನೆ ಕೇಳಿದ. ಮುಂದಿನ ವರ್ಷ ಕರೆದಾಗ ಆ ತರಗತಿಯಿಂದ ಯಾರೂ ಬರಲಿಲ್ಲ. ನಾನಾಗಿದ್ದರೂ ಬರುತ್ತಿರಲಿಲ್ಲ.

ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. 15 ದಿನದೊಳಗೆ ಒಂದು ಹಾಳೆ ನೋಟಿಸ್ ಬೋರ್ಡಿಗೆ ಬರಬೇಕು. ಪ್ರತಿ ಸಲಹೆಯ ಎದುರಿಗೆ ಮೂರರಲ್ಲಿ ಒಂದು: ಆಗುತ್ತದೆ, ಇಂಥ ದಿನಕ್ಕೆ, ಇಂಥವರ ಹೊಣೆ. ಆಗುವುದಿಲ್ಲ, ಇಂಥ ಕಾರಣಕ್ಕೆ. ಇನ್ನೂ ನೋಡುತ್ತಿದ್ದೇವೆ, ಇಂಥ ದಿನ ಹೇಳುತ್ತೇವೆ. ಹಾಳೆಗೆ ಪ್ರಾಂಶುಪಾಲರ ಜೊತೆ ಇಬ್ಬರು ವಿದ್ಯಾರ್ಥಿಗಳ ಸಹಿಯೂ ಇರಬೇಕು. ಈ ಹಾಳೆಗೆ ಒಪ್ಪದ ಕಾಲೇಜಿಗೆ ನಾನು ಹೋಗುವುದಿಲ್ಲ.

ವಿಚಿತ್ರ ಅಂದರೆ ‘ಆಗುವುದಿಲ್ಲ’ ಎಂಬ ಉತ್ತರಕ್ಕೆ ವಿದ್ಯಾರ್ಥಿಗಳು ಬೇಸರ ಮಾಡಿಕೊಳ್ಳುವುದು ಕಮ್ಮಿ. ಕಾರಣ ಬರೆದಿದ್ದರೆ ಓದುತ್ತಾರೆ, ಜಗಳ ಆಡುತ್ತಾರೆ, ಒಪ್ಪುತ್ತಾರೆ. ಉತ್ತರವೇ ಬರದಿದ್ದಾಗ ದೂರ ಸರಿಯುತ್ತಾರೆ.

ಆನ್‌ಲೈನ್‌ನಲ್ಲಿ ಮಾಡಬಹುದಾ?

ಮಾಡಬಹುದು. ಕ್ಯಾಮೆರಾ ಆಫ್, ಮೈಕ್ ಆಫ್, ‘ಎಸ್ ಸರ್’ ಎಂಬ ಸಂದೇಶಗಳ ಸಾಲು. ನನಗೆ ಒಗ್ಗಲಿಲ್ಲ.

ಯಾವಾಗ ಮಾಡಲೇಬಾರದು?

ತೀರ್ಮಾನ ಆಗಿಹೋಗಿದ್ದರೆ ಮಾಡಬೇಡಿ. ಒಂದು ಕಡೆ ಹೊಸ ಕ್ಯಾಂಟೀನ್ ಹೇಗಿರಬೇಕು ಎಂದು ವಿದ್ಯಾರ್ಥಿಗಳಿಂದ ಇಡೀ ದಿನ ಮಾದರಿ ಮಾಡಿಸಿದೆವು. ಸಂಜೆ ಗೊತ್ತಾಯಿತು, ಟೆಂಡರ್ ಹಿಂದಿನ ತಿಂಗಳೇ ಮುಗಿದಿದೆ. ಮಕ್ಕಳ ರಟ್ಟಿನ ಕ್ಯಾಂಟೀನಿಗೆ ಕಿಟಕಿ ಮೂರು ಕಡೆ ಇತ್ತು. ಕಟ್ಟಿದ್ದಕ್ಕೆ ಒಂದೇ ಕಡೆ. ಹಾಗೆ ಮಾಡುವ ಬದಲು ನೋಟಿಸ್ ಹಚ್ಚಿದ್ದರೆ ಯಾರಿಗೂ ನೋವಾಗುತ್ತಿರಲಿಲ್ಲ.

ನಾನು ವಿದ್ಯಾರ್ಥಿ. ಕಾಲೇಜು ಕರೆಯೋವರೆಗೆ ಕಾಯಬೇಕಾ, ನಾವೇ ಶುರು ಮಾಡಬಹುದಾ?

ನೀವೇ ಮಾಡಿ. ಸಣ್ಣದನ್ನು ಹಿಡಿಯಿರಿ. ಕುಡಿಯುವ ನೀರಿನ ಫಿಲ್ಟರ್ ಎಲ್ಲಿರಬೇಕು, ಝೆರಾಕ್ಸ್ ಸಾಲು ಹೇಗೆ ಕರಗಬೇಕು, ಇಂಥದ್ದು. ಕಿವಿಗೊಡುವ ಒಬ್ಬ ಮೇಷ್ಟ್ರನ್ನೋ ಮೇಡಂ ಅವರನ್ನೋ ಜೊತೆಗಿಟ್ಟುಕೊಳ್ಳಿ. ಒಬ್ಬ ಅಟೆಂಡರ್ ಅಣ್ಣನನ್ನಂತೂ ಬಿಡಬೇಡಿ. ಎಂಟು ಹತ್ತು ಜನ, ಎರಡು ತಾಸು ಸಾಕು.

ಕೊಠಡಿ ಕೇಳಿ ಅರ್ಜಿ ಬರೆಯುವಾಗ ಮಾತ್ರ ಹುಷಾರು. ‘ಕಾರ್ಯಾಗಾರ’ ಎಂದು ಬರೆದರೆ ಉದ್ಘಾಟನೆಗೆ ಯಾರು ಬರುತ್ತಾರೆ ಎಂದು ಕೇಳುತ್ತಾರೆ. ‘ಸಭೆ’ ಎಂದು ಬರೆಯಿರಿ.